ಒಂದು ತಿಂಗಳ ಅಪ್ಪ

ಮೂರನೆಯ ದಿನವೂ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ತೇಜಸ್ ಅಳಲು ಶುರುಮಾಡಿದ. ನಾಲ್ಕು ವರ್ಷದ ಹುಡುಗ. ತಟ್ಟೆ ತಳ್ಳಿ, ಹೊಸಿಲ ಮೇಲೆ ಕೂತು, "ಅಮ್ಮನ ಮನೆಗೆ ಹೋಗಾನ" ಎಂದು ಒಂದೇ ರಾಗ ಹಿಡಿದ. ಅತ್ತು ಅತ್ತು ತಿಂದಿದ್ದ ಎರಡು ತುತ್ತನ್ನೂ ವಾಂತಿ ಮಾಡಿಕೊಂಡ. ರಘು ಮಗನ ಬಾಯಿ ಒರೆಸಿ ಅಂಗಿ ಬದಲಿಸಿದ. ಆಮೇಲೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಹೆಂಡತಿ ಪವಿತ್ರಾ ಈ ಮನೆ ಬಿಟ್ಟು ಹೋದಾಗ ತೇಜಸ್‌ಗೆ ಎರಡು ವರ್ಷ. ಅಪ್ಪ ಎಂದರೆ ಅವನಿಗೆ ಮೊನ್ನೆ ಮೊನ್ನೆ ಪರಿಚಯವಾದ ಮನುಷ್ಯ.

"ಅಮ್ಮಂಗೆ ಫೋನ್ ಮಾಡಪ್ಪ, ಬಂದು ಕರ್ಕೊಂಡೋಯ್ತದೆ," ಎಂದಳು ಎಂಟು ವರ್ಷದ ಅನುಶ್ರೀ.

"ಬ್ಯಾಡ ಕಣವ್ವ. ಇವತ್ತೊಂದಿನ ನೋಡಾನ."

ಫೋನ್ ಮಾಡಿದರೆ ಅಲ್ಲಿಗೆ ಮುಗಿಯಿತೆಂದು ರಘುವಿಗೆ ಗೊತ್ತಿತ್ತು. ಅವನು ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ದಿನಗೂಲಿ ನೌಕರ. ಪವಿತ್ರಾ ಕೆ.ಆರ್. ನಗರದ ತಾಯಿಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಮಕ್ಕಳು ಅಪ್ಪನ ಹತ್ತಿರ ಇರಲಿ ಎಂದು ಎರಡೂ ಕಡೆಯ ಹಿರಿಯರು ಹುಣಸೂರಿನಲ್ಲಿ ಕೂತು ತೀರ್ಮಾನಿಸಿದಾಗ, ಅವಳು ಒಂದು ಮಾತು ಹೇಳಿದ್ದಳು: "ಒಂದಿನ ಅತ್ವು ಅಂತ ಗೊತ್ತಾದ್ರೂ ಬಂದು ಕರ್ಕೊಂಡೋಯ್ತೀನಿ. ಆಮೇಲೆ ಯಾರೂ ನನ್ನ ಕೇಳ್ಬಾರ್ದು."

ರಘು ಬೈಕು ಹೊರಗೆ ತೆಗೆದ. ತೇಜಸ್‌ನನ್ನು ಮುಂದೆ ಟ್ಯಾಂಕಿನ ಮೇಲೆ ಕೂರಿಸಿಕೊಂಡ, ಅನುಶ್ರೀ ಹಿಂದೆ ಕೂತು ಅಪ್ಪನ ಸೊಂಟ ಹಿಡಿದಳು. ಅಮ್ಮನ ಮನೆಗೇ ಹೋಗುತ್ತಿದ್ದೇವೆ ಎಂದುಕೊಂಡು ಹುಡುಗ ಅಳು ನಿಲ್ಲಿಸಿದ. ಎಚ್.ಡಿ. ಕೋಟೆ ರಸ್ತೆಯಲ್ಲಿ ಎರಡು ಮೈಲಿ ಹೋಗುವಷ್ಟರಲ್ಲಿ ಅವನ ತಲೆ ಅಪ್ಪನ ತೋಳಿಗೆ ವಾಲಿತ್ತು. ರಘು ಮೆಲ್ಲಗೆ ಬೈಕು ತಿರುಗಿಸಿದ. ಆದರೆ ಮನೆ ಮುಂದೆ ಎಂಜಿನ್ ಆಫ್ ಮಾಡಿದ್ದೇ ತಡ, ಹುಡುಗ ಕಣ್ಣು ಬಿಟ್ಟು ಮತ್ತೆ ಶುರುಮಾಡಿದ. ಇನ್ನೊಂದು ಸುತ್ತು ಹೋಗಬೇಕಾಯಿತು.

ಮರುದಿನದಿಂದ ಅದಕ್ಕೊಂದು ಕ್ರಮ ಬಂತು. ವಾಪಸ್ ಬಂದ ಮೇಲೆ ಎಂಜಿನ್ ಓಡುತ್ತಲೇ ಇರುತ್ತಿತ್ತು. ಅನುಶ್ರೀ ಇಳಿದು ಹೋಗಿ ಬೀಗ ತೆಗೆದು ಚಾಪೆ ಹಾಸುವಳು. ರಘು ಮಗನನ್ನು ಎತ್ತಿಕೊಂಡು ಹೋಗಿ ಮಲಗಿಸುವನು. ಕಾಲು ಗಂಟೆ ಬಿಟ್ಟು ಹೊರಗೆ ಬಂದು ಬೈಕು ಆಫ್ ಮಾಡುವನು. ಭಾನುವಾರಗಳಲ್ಲಿ ದೂರ ಹೋದರು. ಒಮ್ಮೆ ಪಿರಿಯಾಪಟ್ಟಣದಲ್ಲಿರುವ ರಘುವಿನ ಅಕ್ಕನ ಮನೆಗೆ ಹೋಗಿ, ಹೊಟ್ಟೆ ಬಿರಿಯುವಷ್ಟು ಮಾವಿನಹಣ್ಣು ತಿಂದು ಬಂದರು. ಇನ್ನೊಮ್ಮೆ ಸುಮ್ಮನೆ ಹಿನ್ನೀರಿನ ದಡದವರೆಗೆ. ಅನುಶ್ರೀ ದಾರಿಯ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಿದ್ದಳು. ತೇಜಸ್ ಹಾರ್ನ್ ಒತ್ತಲು ಕಲಿತ. ಏರು ಬಂದಾಗ "ಅಪ್ಪ, ಗೇರ್ ಹಾಕು" ಎಂದ. ಅವನ ಬಾಯಲ್ಲಿ ಅಪ್ಪ ಎಂಬ ಮಾತು ಬಂದದ್ದು ಅದೇ ಮೊದಲು. ರಘು ಗೇರ್ ಬದಲಿಸಿದ.

ತಿಂಗಳು ತುಂಬಿದ ದಿನ ಬೆಳಿಗ್ಗೆ ಹೊರಟು, ಹುಣಸೂರಿನಲ್ಲಿ ಇಡ್ಲಿ ತಿಂದು, ಹನ್ನೊಂದರ ಹೊತ್ತಿಗೆ ಕೆ.ಆರ್. ನಗರ ಮುಟ್ಟಿದರು. ಪವಿತ್ರಾ ಬಾಗಿಲಲ್ಲೇ ಕಾದಿದ್ದಳು. ಮಕ್ಕಳ ಕೈಕಾಲು ತಿರುಗಿಸಿ ನೋಡಿದಳು.

"ಇಬ್ರೂ ಕರ್ರಗಾಗವ್ರೆ."

"ಬಿಸ್ಲು," ಎಂದ ರಘು.

"ತೇಜು ಅತ್ನಾ?"

ರಘು ಬಾಯಿ ತೆರೆಯುವ ಮೊದಲೇ ಅನುಶ್ರೀ ಹೇಳಿದಳು, "ಇಲ್ಲ ಕಣಮ್ಮ. ಒಂದಿನಾನೂ ಇಲ್ಲ."

ಅತ್ತೆ ಮಂಗಳಮ್ಮ ಚೊಂಬಿನಲ್ಲಿ ನೀರು ತಂದುಕೊಟ್ಟರು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ರಘು ನಿಂತೇ ನೀರು ಕುಡಿದು ಹೊರಟ.

ಮೂರು ದಿನ ಕಳೆದ ಮೇಲೆ, ಸಂಜೆ ಏಳೂವರೆಗೆ ಅವನ ಫೋನು ಹೊಡೆದುಕೊಂಡಿತು. ಎರಡು ವರ್ಷದಲ್ಲಿ ಪವಿತ್ರಾ ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು. ಹಿಂದಿನಿಂದ ತೇಜಸ್‌ನ ಅಳು ಕೇಳುತ್ತಿತ್ತು.

"ಅಲ್ಲೂ ಅತ್ತಿದ್ನಂತಲ್ಲ. ಅನು ಈಗ ಬಾಯ್ಬುಟ್ಲು."

ರಘು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಇಲ್ಲೂ ಅಂಗೇ ಮಾಡ್ತಾವ್ನೆ. ಮೂರ್ ದಿನ ಆಯ್ತು, ನಾನು ಎತ್ಕೊಂಡ್ರೂ ಮಲಗಕಿಲ್ಲ ಅಂತಾನೆ. ನೀವು ಎಂಗ್ ಮಲಗಿಸ್ತಿದ್ರಿ?"

"ಬೈಕ್‌ನಾಗೆ ಒಂದ್ ಸುತ್ತು ಕರ್ಕೊಂಡೋಯ್ತಿದ್ದೆ."

"ನನ್ ತಾವ ಬೈಕ್ ಎಲ್ಲೈತೆ?"

"ನಾನು ಬರ್ಲಾ?"

"ಎಪ್ಪತ್ತು ಕಿಲೋಮೀಟ್ರು ಈ ಹೊತ್ನಲ್ಲಿ ಎಲ್ ಬತ್ತೀರಿ," ಎಂದಳು. ಬೇಡ ಎನ್ನಲಿಲ್ಲ.

ರಘು ಸ್ವಲ್ಪ ಯೋಚಿಸಿದ. "ಫೋನ್ ಅವ್ನ ಕಿವಿ ತಾವ ಇಟ್ಕೊ," ಎಂದ. ಅಂಗಳಕ್ಕೆ ಬಂದು ಬೈಕಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಕಿಕ್ ಹೊಡೆದು, ಎಂಜಿನ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಫೋನ್ ಹಿಡಿದ. ಆಗಾಗ ಕೈ ಚಾಚಿ, ಏರಿನಲ್ಲಿ ಕೊಡುವ ಹಾಗೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟ. ಪಕ್ಕದ ಮನೆಯ ರಾಚಮ್ಮ ಜಗಲಿಗೆ ಬಂದು, "ಸ್ಟ್ಯಾಂಡ್ ಹಾಕ್ಕೊಂಡು ಎಲ್ಲಿಗ್ಲಾ ಹೊಂಟಿದ್ದೀಯ?" ಎಂದಳು. ರಘು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು ಒಳಗೆ ಹೋದಳು.

ಹತ್ತು ನಿಮಿಷವಾಗಿರಬಹುದು. ಕಾಲು ಜೋಮು ಹಿಡಿಯಿತು. ಫೋನ್ ಕಿವಿಗಿಟ್ಟರೆ ಆ ಕಡೆ ಅಳು ಇರಲಿಲ್ಲ.

"ಮಲಗ್ದ," ಎಂದಳು ಪವಿತ್ರಾ, ಪಿಸುದನಿಯಲ್ಲಿ.

"ಆಫ್ ಮಾಡ್ಲಾ ಮತ್ತೆ?"

ಅವಳು ಫೋನ್ ಇಡಲಿಲ್ಲ.

"ಬ್ಯಾಡ," ಎಂದಳು ಕೊನೆಗೆ. "ಇನ್ನೊಂಚೂರು ಓಡ್ಲಿ."