ಬೆಳಕಿನ ಹೂವಿಗೂ ಸೀನು

ಗೋಡೆಯ ತುಂಬ ಹೊಂಗೆ ಹೂವು ಅರಳಿದ ಕೂಡಲೇ ಚಿತ್ತಣ್ಣ ಸೀನಿದ. ಒಂದಲ್ಲ, ಎರಡಲ್ಲ; ಹೆಗಲ ಮೇಲಿನ ಟವಲು ಜಾರಿ ಬೀಳುವಷ್ಟು.

ತಿಪಟೂರಿನ ಕಲ್ಯಾಣ ಮಂಟಪವೊಂದರಲ್ಲಿ ಬೆಂಗಳೂರಿನವರು ಯಾರೋ ‘ವಸಂತಲೋಕ’ ಎಂಬ ಪ್ರದರ್ಶನ ಹೂಡಿದ್ದರು. ಸುತ್ತ ಬಿಳಿ ಬಟ್ಟೆ ಕಟ್ಟಿ, ಕಂಪ್ಯೂಟರಿನಿಂದ ಗೋಡೆ, ನೆಲ, ಸೂರಿಗೆಲ್ಲ ಹೂವಿನ ಬೆಳಕು ಬಿಡುತ್ತಿದ್ದರು. ಒಳಗೆ ನಿಂತವರ ಮೈಮೇಲೂ ಹೂವು ಅರಳುತ್ತಿತ್ತು. ಚಿತ್ತಣ್ಣನ ಬಿಳಿ ಪಂಚೆ ಪೂರ್ತಿ ಹೊಂಗೆಮರವಾಗಿತ್ತು.

ಅವನನ್ನು ಹುಳಿಯಾರಿನಿಂದ ಬಸ್ಸು ಹತ್ತಿಸಿ ಕರೆತಂದವಳು ಹೆಂಡತಿ ಮಂಜಮ್ಮ. ಹೂವೆಂದರೆ ಚಿತ್ತಣ್ಣನಿಗೆ ಸೀನು. ಧಾರೆಯ ದಿನ ಹಾರ ಹಾಕಿಸಿಕೊಂಡಾಗ ಹತ್ತಿದ ಸೀನು ಬಾಸಿಂಗ ಕಳಚಿ ಬೀಳುವವರೆಗೂ ನಿಂತಿರಲಿಲ್ಲ. ಅಂದಿನಿಂದ ಮಂಜಮ್ಮ ಹೂ ಮುಡಿದವಳಲ್ಲ. ಗುರುತಿಲ್ಲದ ಊರಿನ ಮದುವೆಗಳಲ್ಲಿ ಕುಂಕುಮ ಕೊಡಲು ಬಂದವರು ಅವಳ ಬೋಳು ತುರುಬು ನೋಡಿ, ಅನುಮಾನದಿಂದ ಬಟ್ಟಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. “ವಾಸ್ನೆ ಇಲ್ಲ, ಧೂಳಿಲ್ಲ, ಬರೀ ನೋಡಾದು. ಬನ್ನಿ” ಎಂದು ಅವಳೇ ಗಂಡನನ್ನು ಎಬ್ಬಿಸಿಕೊಂಡು ಬಂದಿದ್ದಳು. ಅವನ ಪಕ್ಕದಲ್ಲಿ ಒಂದು ಸಲವಾದರೂ ಹೂವಿನ ನಡುವೆ ನಿಲ್ಲುವ ಆಸೆ ಅವಳಿಗೆ.

ಕಂಪ್ಯೂಟರಿನ ಮುಂದಿದ್ದ ರವೀಂದ್ರ ಓಡಿಬಂದ. “ಯಜಮಾನ್ರೇ, ಇದು ಬರೀ ಬೆಳಕು ಕಣ್ರೀ!”

“ಬೆಳಕಾದ್ರೇನಪ್ಪ, ಹೊಂಗೆ ಹೊಂಗೇನೇ ಅಲ್ವ?” ಚಿತ್ತಣ್ಣ ಮೂಗೊರೆಸಿಕೊಂಡ.

ರವೀಂದ್ರನಿಗೆ ಅವಮಾನವಾಯಿತೋ ಹೆಮ್ಮೆಯಾಯಿತೋ ತಿಳಿಯಲಿಲ್ಲ. ಹೊಂಗೆ ಅಳಿಸಿ ಮಾವು ಬಿಟ್ಟ. ಸೀನು. ಮುತ್ತುಗ ಬಿಟ್ಟ. ಸೀನು ಇನ್ನೂ ಜೋರಾಯಿತು. ನೋಡಲು ಬಂದವರೆಲ್ಲ ಗೋಡೆ ಬಿಟ್ಟು ಚಿತ್ತಣ್ಣನ ಸುತ್ತ ನೆರೆದರು. ಕೊನೆಗೆ ರವೀಂದ್ರ ಇನ್ನೇನೋ ಗುಂಡಿ ಒತ್ತಿದ. ಸೂರಿನಿಂದ ಬೆಳ್ಳಗೆ, ಸಣ್ಣ ಸಣ್ಣಗೆ ಉದುರತೊಡಗಿತು. ಚಿತ್ತಣ್ಣ ಮುಖವೆತ್ತಿ ನಿಂತ. ಉಸಿರು ಸರಾಗವಾಯಿತು.

“ನೋಡೇ, ಎಷ್ಟು ಚೆನ್ನಾಗೈತೆ!” ಎಂದು ಹೆಂಡತಿಯ ಕೈ ಹಿಡಿದ. ಜನರೆದುರು ಅವನು ಹಾಗೆ ಹಿಡಿದದ್ದು ಅದೇ ಮೊದಲು. “ಏನಪ್ಪ ಇದು, ಮಂಡಕ್ಕಿಯಾ?”

“ಅಲ್ಲ ಯಜಮಾನ್ರೇ, ಜಪಾನಿನ ಚೆರ್ರಿ ಹೂವು,” ಎಂದ ರವೀಂದ್ರ.

“ಹೂವಾ?” ಎಂದವನೇ ಚಿತ್ತಣ್ಣ ಬಗ್ಗಿ ಬಗ್ಗಿ ಸೀನತೊಡಗಿದ.

ಮಂಜಮ್ಮ ಕೈ ಬಿಡಿಸಿಕೊಂಡಳು. ಗಂಡನ ಮೂಗನ್ನು ಆಗಷ್ಟೇ ಮೊದಲ ಸಲ ಕಂಡವಳಂತೆ ನೋಡಿದಳು. ಹೊರಗೆ ಬಂದು, ಹೂವಾಡಗಿತ್ತಿಯ ಬುಟ್ಟಿಯಿಂದ ಒಂದು ಮಾರು ಮಲ್ಲಿಗೆ ಕೊಂಡು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಬಸ್ಸಿನಲ್ಲಿ ಚಿತ್ತಣ್ಣ ಸೀನಿದ ಸುಸ್ತಿಗೆ ಅವಳ ಹೆಗಲ ಮೇಲೆ ನಿದ್ದೆಹೋದ. ಆಗ ಮಂಜಮ್ಮ ಮಲ್ಲಿಗೆ ತೆಗೆದು ಮುಡಿದಳು. ಅವನ ಮೂಗು ನೇರ ಅವಳ ತುರುಬಿಗೇ ತಾಗಿತ್ತು. ಗೊರಕೆ ಬಿಟ್ಟರೆ ಬೇರೆ ಸದ್ದಿಲ್ಲ. ಬಸ್ಸು ಹಂದನಕೆರೆ ದಾಟಿತು, ಒಂದು ಸೀನಿಲ್ಲ. ಮಂಜಮ್ಮನಿಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು.

ರಸ್ತೆಯ ಗುಂಡಿಗೆ ಬಿದ್ದು ಬಸ್ಸು ಕುಲುಕಿತು. ಚಿತ್ತಣ್ಣ ಕಣ್ಣು ಬಿಟ್ಟ, ಮಲ್ಲಿಗೆ ಕಂಡ, ಮೂಗು ಅರಳಿಸಿದ.

ಮಂಜಮ್ಮ ಅಂಗೈಯಿಂದ ಅವನ ಎರಡೂ ಕಣ್ಣು ಮುಚ್ಚಿದಳು.

“ಇಷ್ಟು ವರ್ಷ ನಾನು ಮುಡೀಲಿಲ್ಲ. ಇನ್ಮ್ಯಾಲೆ ನೀವು ನೋಡ್ಬ್ಯಾಡಿ.”