ಗೊಂಬೆಯ ಗಾಯ

ಅಪಘಾತದಲ್ಲಿ ಗಾಯಗೊಂಡವರನ್ನು ನರ್ಸುಗಳು ಹೇಗೆ ಉಪಚರಿಸುತ್ತಾರೆಂದು ಪರೀಕ್ಷಿಸಲು ತಾಲ್ಲೂಕು ಆಸ್ಪತ್ರೆಗೆ ಅಧಿಕಾರಿಯೊಬ್ಬರು ಬಂದಿದ್ದರು. ನರ್ಸ್ ನೀಲಾಂಬಿಕಾ ಪರೀಕ್ಷೆಗೆಂದು ಇಟ್ಟಿದ್ದ ರಬ್ಬರ್ ಗೊಂಬೆಯ ಕಾಲಿಗೆ ಬ್ಯಾಂಡೇಜ್ ಸುತ್ತುತ್ತಿದ್ದಾಗ, ಲಾರಿ ಗುದ್ದಿದ ಮುದುಕನೊಬ್ಬನನ್ನು ಜನ ಹೊತ್ತು ತಂದರು. ತೊಡೆಯಿಂದ ರಕ್ತ ಚಿಮ್ಮುತ್ತಿತ್ತು. ಬೂಟಿಗೆ ತಾಗೀತೆಂದು ಅಧಿಕಾರಿ ಹಿಂದೆ ಸರಿದರು. ಅವಳು ಮುಂದೆ ಓಡಿದಳು.

“ಸಿಸ್ಟರ್, ಪರೀಕ್ಷೆ ಅರ್ಧಕ್ಕೆ ಬಿಟ್ರೆ ಫೇಲ್ ಮಾಡ್ತೀನಿ!”

“ಮಾಡ್ರಿ ಸರ್. ಗೊಂಬಿ ಸಾಯೂದಿಲ್ಲ, ಈ ಅಜ್ಜ ಸಾಯಾಕತ್ತಾನ.”

ಅವಳು ಗಾಯವನ್ನು ಬಲವಾಗಿ ಒತ್ತಿ ಹಿಡಿದು ರಕ್ತ ನಿಲ್ಲಿಸಿದಳು. ಮುದುಕ ಬದುಕಿಕೊಂಡ.

ತಿಂಗಳಾದ ಮೇಲೆ ವರದಿ ಬಂತು. ಅದರಲ್ಲಿ ಫೇಲಾದವಳು ನೀಲಾಂಬಿಕಾ ಒಬ್ಬಳೇ. ಅವಳು ಪುಟ ಮಡಚಿ ವರದಿಯನ್ನು ಮುಚ್ಚಿದಳು. ಮುಖಪುಟದ ಫೋಟೊದಲ್ಲಿ ಅದೇ ಮುದುಕನ ಮಂಚದ ಪಕ್ಕ ಅಧಿಕಾರಿ ನಗುತ್ತಾ ನಿಂತಿದ್ದರು. ಕೆಳಗೆ, ‘ನಮ್ಮ ಪರೀಕ್ಷಾ ತಂಡ ಉಳಿಸಿದ ಜೀವ’ ಎಂದು ಬರೆದಿತ್ತು.