ಜಲಜಾಕ್ಷಿ ನಕ್ಕಳು

ತೆರೆಯ ಮೇಲೆ ಹೆಂಡತಿ ಹಾಡುತ್ತ ಹಾಡುತ್ತಲೇ ಗಂಡನ ಸಾರಿಗೆ ವಿಷ ಬೆರೆಸಿ ಬಡಿಸಿದಾಗ ನೋಯ್ಡಾದ ಆ ಥಿಯೇಟರಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಜಲಜಾಕ್ಷಿ ಮಾತ್ರ ಕಿಸಕ್ಕನೆ ನಕ್ಕಳು. ಪಕ್ಕದಲ್ಲಿದ್ದ ಗಂಡ ರತ್ನಾಕರ ತೆರೆ ಬಿಟ್ಟು ಅವಳನ್ನೇ ನೋಡಿದ. ಬೆಳಿಗ್ಗೆಯಷ್ಟೇ ಅವನು ಅವಳ ತಮ್ಮನನ್ನು ತಮ್ಮ ಹೋಟೆಲಿನ ಕೆಲಸದಿಂದ ತೆಗೆದಿದ್ದ. ಅವಳು ಅದರ ಬಗ್ಗೆ ಒಂದು ಮಾತೂ ಆಡದೆ, "ಸಿನಿಮಾಕ್ಕೆ ಹೋಗುವ" ಎಂದಿದ್ದಳು.

ಇಂಟರ್ವಲ್ ಆಯಿತು. "ಅರೇ ಯಾರ್, ಇದರ ಮೂಲ ನಾಟಕದಲ್ಲಿ ಈ ಹಾಡು ಇನ್ನೂ ಭಯಂಕರವಾಗಿತ್ತು," ಎಂದು ಹಿಂದಿನ ಸಾಲಿನ ಹುಡುಗಿ ಗೆಳತಿಯ ಜೊತೆ ವಾದಿಸುತ್ತಿದ್ದಳು. ಜಲಜಾಕ್ಷಿ ಎರಡು ಲೋಟ ಕಾಫಿ ತಂದು, ಸೀಟುಗಳ ನಡುವೆ ಅವನ ಬದಿಗೊಂದು, ತನ್ನ ಬದಿಗೊಂದು ಇಟ್ಟು, ಕರ್ಚೀಫಿಗಾಗಿ ಬ್ಯಾಗಿನಲ್ಲಿ ತಡಕಾಡಿದಳು. ರತ್ನಾಕರ ಮೆಲ್ಲನೆ ಲೋಟಗಳನ್ನು ಅದಲುಬದಲು ಮಾಡಿದ.

"ಅದು ನನ್ನದು ಮಾರಾಯ್ರೆ, ಸಕ್ಕರೆ ಹಾಕಿದ್ದು," ಎಂದಳು ಅವಳು ತಲೆ ಎತ್ತದೆಯೇ. "ನಿಮ್ಮ ಶುಗರಿಗೆ ಅದೇ ವಿಷ."

ಅವನ ಕೈ ಅಲ್ಲೇ ನಿಂತಿತು. "ಆಗ ನಕ್ಕದ್ದು ಯಾಕೆ?"

"ನಗದೆ ಮತ್ತೆ? ಅಂಗೈಗೆ ಒಂದು ತೊಟ್ಟು ಹಾಕಿ ರುಚಿ ನೋಡದೆ ಯಾರಾದರೂ ಸಾರು ಬಡಿಸುತ್ತಾರಾ? ಅವಳು ರುಚಿ ನೋಡದೆ ಬಡಿಸಿದರೂ ಆ ಪೆದ್ದ ಗಂಡನಿಗೆ ಗೊತ್ತಾಗಲಿಲ್ಲ. ನನ್ನ ತಮ್ಮನ ಜಗಳ ಬೇರೆ. ಅದನ್ನು ಮನೆಗೆ ಹೋಗಿ ಆಡುವ."

ಅವಳು ಸಕ್ಕರೆಯಿಲ್ಲದ ಲೋಟ ಎತ್ತಿ ಒಂದು ಗುಟುಕು ಕುಡಿದು, ಕಹಿಗೆ ಮುಖ ಕಿವುಚಿ, ಅವನ ಕೈಗೆ ಕೊಟ್ಟಳು.

"ತೆಕ್ಕೊಳ್ಳಿ. ರುಚಿ ನೋಡಿದ್ದೇನೆ."